ಫ್ರೀಸ್ಟೈಲ್‌ನಲ್ಲಿ ಬಾವಿಯ ಈಜು

ಇವತ್ತು ಮಗಳ ಈಜುಕೊಳದ ಕ್ಲೋರಿನ್ ವಾಸನೆ ಮೂಗಿಗೆ ಬಡಿದಾಗ ನಮ್ಮೂರು ಐ.ಡಿ.ಹಳ್ಳಿಯ ತೋಟದ ಬಾವಿ ನೆನಪಾಯಿತು. ದೊಡ್ಡಪ್ಪ ನನ್ನ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ ನೀರಿಗೆ ನೂಕಿ ಈಜು ಕಲಿಸಿದ್ದರು. ನನಗೆ ಬರುತ್ತಿದ್ದದ್ದು ಒಂದೇ ವರಸೆ: ಪಕ್ಕಕ್ಕೆ ಮಲಗಿ ಕತ್ತರಿಯಂತೆ ಕಾಲಾಡಿಸುವುದು.

ಶಾಲೆಯಿಂದ ತುಮಕೂರಿನ ಈಜು ಸ್ಪರ್ಧೆಗೆ ಹೋದಾಗ ದೊಡ್ಡಪ್ಪನೂ ಬಂದಿದ್ದರು. ಕಪ್ಪೆಯಂತೆ ಈಜುವ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಎರಡು ಕಾಲೂ ಒಂದೇ ರೀತಿ ಆಡಲಿಲ್ಲವೆಂದು ತೀರ್ಪುಗಾರರು ನಿಯಮದ ಪುಸ್ತಕ ತೋರಿಸಿ ನನ್ನನ್ನು ಅನರ್ಹಗೊಳಿಸಿದರು.

"ಅಳಬ್ಯಾಡ ಕಣಮ್ಮ. ನಮ್ಮೀಜು ನಡೆಯೋ ರೇಸು ಒಂದೂ ಇಲ್ವಾ? ಆ ಪುಸ್ತಕ ಓದು," ಎಂದರು ದೊಡ್ಡಪ್ಪ.

ಪುಸ್ತಕ ಇಂಗ್ಲಿಷಿನಲ್ಲಿತ್ತು. ಫ್ರೀಸ್ಟೈಲ್‌ನಲ್ಲಿ ಯಾವ ಈಜಾದರೂ ಸರಿ ಎಂದಿತ್ತು. ಆ ರೇಸಿಗೂ ಶಾಲೆಯವರು ನನ್ನ ಹೆಸರು ಕೊಟ್ಟಿದ್ದರು.

"ಮತ್ತಿನ್ನೇನು? ಬಿದ್ಬುಡು ನೀರಿಗೆ!"

ಬಾವಿಯ ಈಜನ್ನೇ ಈಜಿದೆ. "ಎಮ್ಮೆ ಈಜ್ತಾ ಐತೆ ನೋಡ್ಲಾ," ಎಂದು ಯಾರೋ ನಕ್ಕರು. ಎಲ್ಲರಿಗಿಂತ ಕೊನೆಗೆ ಗೋಡೆ ಮುಟ್ಟಿದೆ. ತೀರ್ಪುಗಾರರು ಪುಸ್ತಕ ತಿರುವಿ ನೋಡಿ, ನನ್ನ ಹೆಸರನ್ನು ಪಟ್ಟಿಯಲ್ಲೇ ಉಳಿಸಿದರು.

ಅದು ಧೈರ್ಯವೋ ಬರೀ ಹಟವೋ, ನನಗೆ ಈಗಲೂ ಗೊತ್ತಿಲ್ಲ. ಇವತ್ತು ನಾನು ಪಕ್ಕಕ್ಕೆ ಮಲಗಿ ಒಂದು ಸುತ್ತು ಈಜಿ ಮೇಲೆ ಬಂದಾಗ ಮಗಳ ಕೋಚ್ ಕೇಳಿದರು: "ಮೇಡಂ, ನಿಮಗೂ ಸರಿಯಾದ ಸ್ಟ್ರೋಕ್ ಹೇಳಿಕೊಡ್ಲಾ?"

"ನಂದೂ ಸರಿಯಾದದ್ದೇ ಸರ್," ಎಂದು ಮತ್ತೆ ನೀರಿಗಿಳಿದೆ.