ಮದ್ದೂರಿನಲ್ಲಿ ಒಂದು ಚಾಪೆಯ ಜಾಗ

ಪಕ್ಕದ ಮನೆಯ ಹುಡುಗಿ ಮೊನ್ನೆ ತನ್ನ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಂದು, "ಅಜ್ಜಿ, ಇವಳ ಸ್ಕೂಲ್ ಸೀಟಿಗೆ ಯಾವಾಗಿನಿಂದ ಓಡಾಡಬೇಕು?" ಎಂದಳು. ಮಗುವಿಗೆ ಇನ್ನೂ ಹಲ್ಲು ಮೂಡಿಲ್ಲ. ನಾನು ನಕ್ಕುಬಿಟ್ಟೆ. ಅವಳು ಹೋದ ಮೇಲೆ ಅವ್ವ ನೆನಪಾದಳು, ನಗು ನಿಂತಿತು.

ನಮ್ಮೂರು ಬೆಸಗರಹಳ್ಳಿ. ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಮರ್ಯಾದೆಯ ಮಾತು. ದಿಬ್ಬ ಬಂದರೆ ನಾವೇ ಇಳಿದು ತಳ್ಳಬೇಕು. ನಾನು ಓದಿದ ಶಾಲೆ ನಾಲ್ಕನೇ ಕ್ಲಾಸಿಗೆ ಮುಗಿಯುತ್ತಿತ್ತು. ಮುಂದಕ್ಕೆ ಮದ್ದೂರು. ಅಲ್ಲಿ ಹೆಣ್ಣುಮಗು ಉಳಿಯುವುದೆಲ್ಲಿ?

ಅವ್ವನಿಗೆ ಅಕ್ಷರ ಬಾರದು. ಆದರೂ ನನಗೆ ನಾಲ್ಕು ವರ್ಷವಾದಾಗಿನಿಂದ ಪ್ರತಿ ಸಂತೆಗೂ ಮದ್ದೂರಿಗೆ ಹೋಗಿ, ದೂರದ ಸಂಬಂಧದ ಚೆನ್ನಮ್ಮ ದೊಡ್ಡವ್ವನ ಮನೆಗೂ ಹೋಗುತ್ತಿದ್ದಳು. ಸೋರೆಕಾಯಿಯೋ ಅವರೆಕಾಯಿಯೋ ಕೊಟ್ಟು, ಜೊತೆಗೆ ಕೂತು ಕಾಳು ಬಿಡಿಸಿ, ದೊಡ್ಡವ್ವನ ಮಂಡಿಗೆ ಎಣ್ಣೆ ತಿಕ್ಕಿ ಬರುತ್ತಿದ್ದಳು. ಜೊತೆಗೆ ಹೋಗುತ್ತಿದ್ದ ನನಗೆ ಆ ಮನೆಯ ಚಕ್ಕುಲಿಯ ಮೇಲಷ್ಟೇ ಕಣ್ಣು.

ನಾಲ್ಕನೇ ಕ್ಲಾಸು ಮುಗಿದಾಗ ಅಪ್ಪ, "ಸಾಕು ಬುಡು. ಮದ್ದೂರಲ್ಲಿ ಇವಳ್ನ ಯಾರು ಮಡಿಕತ್ತಾರೆ?" ಎಂದ.

"ಜಾಗ ಮಾಡಿ ಮಡಗಿ ಆರು ವರ್ಸ ಆಯ್ತು" ಎಂದಳು ಅವ್ವ.

ಆ ಬೇಸಿಗೆಯಲ್ಲೇ ದೊಡ್ಡವ್ವ ತೀರಿಹೋದಳು. ಅವ್ವ ಸರಿಯಾಗಿ ಉಣ್ಣಲಿಲ್ಲ. ಅದರಲ್ಲಿ ಸಾವಿನ ದುಃಖವೆಷ್ಟು, ನನ್ನ ಚಿಂತೆಯೆಷ್ಟು, ಇಂದಿಗೂ ನನಗೆ ತಿಳಿಯದು. ತಿಥಿಯ ದಿನ ಊಟ ಮುಗಿದ ಮೇಲೆ ದೊಡ್ಡವ್ವನ ಸೊಸೆಯ ಮುಂದೆ ಅವ್ವ ಏನೂ ಕೇಳಲಾರದೆ ಸೆರಗು ಹಿಂಡುತ್ತ ನಿಂತಳು. ಆ ಸೊಸೆ ನಮ್ಮೊಡನೆ ಹೆಚ್ಚು ಮಾತಾಡಿದವಳೇ ಅಲ್ಲ.

"ಯಾಕಕ್ಕ ಅಂಗ್ ನಿಂತಿದ್ದೀಯ?" ಎಂದಳು ಅವಳು. "ನಮ್ಮತ್ತೆ ಯೋಳೇ ಓಗವ್ರೆ, ಅವರು ಚಾಪೆ ಆಸ್ಕತಿದ್ದ ಜಾಗದಲ್ಲಿ ಇವಳು ಮಲಿಕಳ್ಳಿ ಅಂತ. ಇಸ್ಕೂಲು ಯಾವತ್ತು ಸುರು?"

ಸಾವಿನ ದಿನ ಬಾಯಿ ಬಿಗಿಹಿಡಿದಿದ್ದ ಅವ್ವ ಈಗ ಗೊಳೋ ಎಂದು ಅತ್ತಳು. ಅಪ್ಪ ಆಮೇಲೆ ಎದುರಾಡಲಿಲ್ಲ; ತಾನೇ ಗಾಡಿ ಕಟ್ಟಿ ನನ್ನನ್ನು ಬಿಟ್ಟುಬಂದ. ಸತ್ತವರ ಜಾಗವೆಂದು ಹೆದರಿ ಮೊದಲ ವಾರ ನಾನು ಸೊಸೆಯ ಸೆರಗು ಹಿಡಿದೇ ಮಲಗಿದೆ. ಅಲ್ಲಿಂದಲೇ ಓದಿ ಶಾಲೆಯಲ್ಲಿ ಪಾಠ ಹೇಳುವ ಮೇಷ್ಟರಮ್ಮನಾದೆ.

ಕೆಲಸ ಸಿಕ್ಕಿದ ದಿನ ಅವ್ವನನ್ನು ಕೇಳಿದ್ದೆ: "ಓದಿಸಬೇಕು ಅಂತ ನಿನಗೆ ಯಾವಾಗ ಅನ್ನಿಸಿತು?"

"ಸೂಲಗಿತ್ತಿ ಎಣ್ಣು ಅಂದ್ಲಲ್ಲ, ಆಗ್ಲೇ ಕಣಮ್ಮಿ. ನಾಕು ವರ್ಸ ಸುಮ್ಕೆ ಕಳ್ದುಬುಟ್ಟೆ."

ಮೊನ್ನೆ ನಕ್ಕು ಬಿಟ್ಟ ಪ್ರಶ್ನೆಗೆ ಉತ್ತರ ಹೇಳಲು ಇವತ್ತು ಸಂಜೆ ನಾನೇ ಪಕ್ಕದ ಮನೆಯ ಬಾಗಿಲು ತಟ್ಟಿದೆ.