ಸೈನ್ಯದ ರೇಡಿಯೋ, ಅಣ್ಣನ ಪಾಲು

ಇಳಕಲ್ಲಿನ ನಮ್ಮ ಓಣಿಯ ಮನೆಮನೆಯಲ್ಲೂ ಮಗ್ಗ ಬಡಿಯುತ್ತಿದ್ದ ಕಾಲವದು. ಸದ್ದು ನಿಂತರೆ ಆ ಮನೆಯಲ್ಲಿ ಯಾರಿಗೋ ಹುಷಾರಿಲ್ಲವೆಂದು ಮಕ್ಕಳಿಗೂ ತಿಳಿಯುತ್ತಿತ್ತು. ಅಂಥದೊಂದು ಬೇಸಿಗೆ ರಜೆಯಲ್ಲಿ ಕಾಕಾ ಗುಜರಿಯಿಂದ ಸೈನ್ಯದ ಹಳೆಯ ರೇಡಿಯೋ ರಿಸೀವರ್ ಒಂದನ್ನು ಹೊತ್ತು ತಂದರು. ಸೇನೆಯಲ್ಲಿ ರೇಡಿಯೋ ನೋಡಿಕೊಳ್ಳುತ್ತಿದ್ದು ನಿವೃತ್ತರಾದವರು ಅವರು. ಹಸಿರು ಪೆಟ್ಟಿಗೆಯ ಮುಚ್ಚಳ ಬಿಚ್ಚಿದೊಡನೆ ಸುಟ್ಟ ಬಟ್ಟೆಯ ವಾಸನೆ ಪಡಸಾಲೆ ತುಂಬಿತು. ತಂತಿಯೊಂದರ ನೂಲಿನ ಹೊದಿಕೆ ಕರಕಲಾಗಿತ್ತು.

"ಮಲ್ಲೇಶಾ, ಬಾ ಇಲ್ಲೆ. ಇದರ ಬಾಯಿ ಬಿಡಸೂಣು."

ಕರೆದದ್ದು ಅಣ್ಣನನ್ನು ಮಾತ್ರ. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ನಾನು ಹೊಸ್ತಿಲಲ್ಲಿ ಕುಳಿತೆ. ಒಳಗೆ ರಾಳ ಕರಗುವ ಹೊಗೆ, ಒಂದೇ ತಾಟಿನಲ್ಲಿ ಇಬ್ಬರಿಗೂ ಚುರುಮುರಿ ಸೂಸಲಾ. ಅಣ್ಣನ ಕೈಮೇಲೆ ಕೈಯಿಟ್ಟು ಕಾಕಾ ಬೆಸುಗೆಯ ಕಡ್ಡಿ ಹಿಡಿಸುತ್ತಿದ್ದರು. ನನ್ನ ಹೊಟ್ಟೆ ಉರಿಯುತ್ತಿತ್ತು.

"ತಂತಿ ತಾನಾ ಸುಡೂದಿಲ್ಲಲೇ. ಸುಟ್ಟಾಂವ ಯಾರು, ಮೊದಲ ಅದನ್ನ ಹುಡುಕು."

ಹುಡುಕಿದರು, ಕೆಟ್ಟ ಕೆಪಾಸಿಟರ್ ಒಂದು ಹೊರಬಂತು. ಆದರೆ ಸುಟ್ಟ ತಂತಿ, ಮೇಣದ ದಾರದಿಂದ ಬಿಗಿದ ದೊಡ್ಡ ಕಟ್ಟಿನೊಳಗೆ ಹಾದುಹೋಗಿತ್ತು. ಅಣ್ಣ ಕಟ್ಟಿನ ದಾರಕ್ಕೇ ಕತ್ತರಿ ಇಟ್ಟ.

"ಕಡೀಬ್ಯಾಡೋ ಯಣ್ಣಾ!" ನಾನು ಕೂಗಿದೆ. "ಹಳೇ ತಂತಿ ತುದೀಗಿ ಹೊಸಾದು ಕೂಡ್ಸು, ಆ ಕಡಿಂದ ಎಳಿ. ಅದರ ದಾರಿ ಹಿಡದು ಇದೂ ಬರತೈತಿ."

ಮಗ್ಗಕ್ಕೆ ಹೊಸ ಹಾಸು ಏರಿಸುವುದೇ ಹಾಗೆ: ಹಳೆಯ ಎಳೆಗೆ ಹೊಸ ಎಳೆ ಕೂಡಿಸಿ ಹಣಿಗೆಯ ಸಂದಿಯಿಂದ ಎಳೆದುಕೊಳ್ಳುವುದು. ಅದು ನನ್ನ ಮತ್ತು ಅವ್ವನ ಕೆಲಸ.

ಕಾಕಾ ನಕ್ಕರು. "ಇದು ಸೀರಿ ಅಲ್ಲವ್ವಾ, ಮಿಲಿಟರಿ ಮಾಲು. ನೀ ಕಂಡಿಕಿ ಸುತ್ತು."

ಆದರೆ ಅಣ್ಣ ಸದ್ದಿಲ್ಲದೆ ಹಾಗೇ ಕೂಡಿಸಿ ಎಳೆದ. ಹೊಸ ತಂತಿ ಸಲೀಸಾಗಿ ದಾಟಿತು. ಸಂಜೆ ಗುಂಡಿ ತಿರುಗಿಸಿದಾಗ ಮೊದಲು ಭೋರ್ಗರೆತ, ಆಮೇಲೆ ತಿಳಿಯದ ಭಾಷೆಯಲ್ಲಿ ಯಾರದೋ ದನಿ.

"ಶಾಬಾಸ್ ಲೇ ಮಲ್ಯಾ!" ಕಾಕಾ ಹೆಡ್‌ಫೋನನ್ನು ಅವನ ಕಿವಿಗೇ ಹಾಕಿದರು.

"ನನಗೂ ಒಂದೀಟ ಕೊಡೋ."

"ನೀ ಏನ್ ಮಾಡೀದಿ ಅಂತ ಕೊಡ್ಲಿ?" ಎಂದ ಅಣ್ಣ. ಕಾಕಾ ತುಟಿ ಬಿಚ್ಚಲಿಲ್ಲ.

ಆ ಮೌನಕ್ಕೆ ಉತ್ತರ ಕೇಳುವ ಹಕ್ಕು ನನ್ನದೆಂದು ವಿಶ್ವವಿದ್ಯಾಲಯದ ಓದು ಮುಗಿಸಿದ ಮೇಲೂ ಅನಿಸುತ್ತಿತ್ತು. ಕಳೆದ ಬೇಸಿಗೆಯಲ್ಲಿ ಊರಿಗೆ ಹೋದವಳು ನೇರವಾಗಿ ಕೇಳಿದೆ.

"ಕಾಕಾ, ತಂತಿ ಎಳಿಯೂ ಆ ಯುಕ್ತಿ ಯಾರ್ದರಿ?"

"ನಿಂದವ್ವಾ. ಅವತ್ತೇ ಗೊತ್ತಿತ್ತು."

"ಮತ್ತ ಯಾಕ ಹೇಳ್ಲಿಲ್ರಿ?"

"ಹೆಣ್ಣಹುಡುಗಿ, ನಾಳೆ ಕೊಟ್ಟ ಮನಿಗಿ ಹೋಗಾಕಿ. ಇಕಿಗಿ ಕಲಿಸಿ ಏನ್ ಮಾಡೂದು ಅಂದ್ಕೊಂಡ್ನಿ." ಮತ್ತೆ ಅವರೇ ಕೇಳಿದರು: "ಈಗ ಕಲೀತಿಯೇನು?"

ಬೆಸುಗೆಯ ಕಡ್ಡಿ ಕಾಯಿಸಿ ಕೈಗೆತ್ತಿಕೊಂಡರು. ಅದರ ತುದಿ ತಂತಿಯ ಮೇಲೆ ನಿಲ್ಲಲೇ ಇಲ್ಲ; ವಯಸ್ಸಿಗೆ ಕೈ ಅಷ್ಟು ನಡುಗುತ್ತಿತ್ತು. ನಾಚಿ ಕೆಳಗಿಟ್ಟರು.

ತಪ್ಪೊಪ್ಪಿಗೆ ನನಗೆ ಸಿಕ್ಕಿತು. ಕಲಿಸುತ್ತಿದ್ದ ಆ ನಡುಗದ ಕೈ ಮಾತ್ರ ಇಡಿಯಾಗಿ ಅಣ್ಣನ ಪಾಲಿಗೆ ಹೋಗಿ ಮುಗಿದಿತ್ತು. ಅವನನ್ನು ಕಂಡರೆ ಇಂದಿಗೂ ನನಗೆ ಹೊಟ್ಟೆಕಿಚ್ಚು.