ಬೆನ್ನ ಹಿಂದೆ ಕಟ್ಟಿದ ಕೈ

ಎರಡೂ ಕೈ ಬೆನ್ನ ಹಿಂದೆ, ಎಡಗೈ ಬಲಗೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿರುತ್ತಿತ್ತು. ಬಲಗೈಯ ತೋರುಬೆರಳಿನ ಉಗುರು ಯಾವ ಕಾಲದಲ್ಲೋ ಜಜ್ಜಿ, ಕಪ್ಪಾಗಿ, ಹಾಗೆಯೇ ಉಳಿದುಬಿಟ್ಟಿತ್ತು. ನಾವೆಲ್ಲ ಕಾಕಾ ಎಂದು ಕರೆಯುತ್ತಿದ್ದ ಹಿರಿಯರು ನಮಗೆ ಕಲಿಸುವಾಗ ನಿಲ್ಲುತ್ತಿದ್ದದ್ದೇ ಹೀಗೆ. ಬೆಳಗಾವಿಯ ಆಟೋ ನಗರದ ನಮ್ಮ ವರ್ಕ್‌ಶಾಪಿನಲ್ಲಿ ಅವರು ಸಿಎನ್‌ಸಿ ಮಶೀನಿಗೆ ಪ್ರೋಗ್ರಾಂ ಬರೆಯುತ್ತಿದ್ದರು. ನಾವು ಬರೆದುಕೊಟ್ಟ ಸಾಲುಗಳನ್ನು ಓದಿ, ಅದರಂತೆ ತಾನೇ ಕಬ್ಬಿಣ ಹೆರೆಯುವ ಮಶೀನದು. ಹೊಸಬರು ಯಾರೇ ಬಂದರೂ ಅವರ ಕೈಕೆಳಗೇ ಕಲಿಯಬೇಕು.

ನಾನು ನಂದಗಡದವಳು. ಬಿ.ಎ. ಮುಗಿಸಿ, ದಿನಾ ಖಾನಾಪುರಕ್ಕೆ ಬಂದು ಅಲ್ಲಿಂದ ಬೆಳಗಾವಿ ಬಸ್ಸು ಹಿಡಿದು, ಆ ವರ್ಕ್‌ಶಾಪಿನಲ್ಲಿ ಬಿಡಿಭಾಗಗಳ ಚೂಪು ಅಂಚನ್ನು ಅರದಿಂದ ಉಜ್ಜುವ ಕೆಲಸ ಮಾಡುತ್ತಿದ್ದೆ. ಎರಡು ವರ್ಷ ಅದನ್ನೇ ಉಜ್ಜಿದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಾತ್ರ ಹೋಗಿ ಕಾಕಾನ ಮಶೀನಿನ ಪರದೆ ನೋಡುತ್ತಾ ನಿಲ್ಲುತ್ತಿದ್ದೆ.

"ಏನವ್ವಾ, ಕಲೀತಿಯೇನು?" ಎಂದರು ಒಂದು ದಿನ.

"ನಂದು ಬಿ.ಎ. ರೀ ಕಾಕಾ."

"ಅದನ್ನ ಮಶೀನಿಗೆ ಯಾರ ಹೇಳಾಕ ಹೋಗ್ಯಾರ?"

ಅವರೇ ಮಾಲೀಕರ ಹತ್ತಿರ ಹೋಗಿ ಮಾತಾಡಿದರು. ಮಾಲೀಕರು ಒಲ್ಲದ ಮನಸ್ಸಿನಿಂದ, "ಎರಡ ತಿಂಗಳ ನೋಡೂಣು. ಆಗಲಿಲ್ಲ ಅಂದ್ರ ಸುಮ್ಮನ ಮತ್ತ ಅರಾ ಹಿಡೀಲಿ" ಎಂದರು. ಆ ಎರಡು ತಿಂಗಳಲ್ಲಿ ನನಗಿದ್ದ ಒಂದೇ ಭಯವೆಂದರೆ ಆ ಅರ.

ಕಾಕಾ ಮೊದಲ ವಾರ ನನ್ನನ್ನು ಮಶೀನಿನ ಹತ್ತಿರವೇ ಬಿಡಲಿಲ್ಲ. ಅಂಗಳದಲ್ಲಿ ಸೀಮೆಸುಣ್ಣದಿಂದ ಎರಡು ಗೆರೆ ಎಳೆದು, ನಡುವೆ ಒಂದು ಡಬ್ಬಿ ಇಟ್ಟು, "ಡಬ್ಬಿ ಅಂದ್ರ ಕಬ್ಬಿಣ. ನೀನ ಟೂಲ್, ಹೆರಿಯೂ ಉಳಿ. ಎಲ್ಲಿಂದ ಹೊಂಟಿ, ಎಲ್ಲಿ ನಿಂದರತಿ, ಬಾಯಿಲೆ ಹೇಳಕೋತ ನಡಿ. ಆಮ್ಯಾಲ ಬರಿ" ಎಂದರು. ಇಪ್ಪತ್ತಾರು ವರ್ಷದವಳು ನಾನು, ಕುಂಟಾಬಿಲ್ಲೆ ಆಡುವವಳಂತೆ ಅಂಗಳದಲ್ಲಿ ಹೆಜ್ಜೆ ಹಾಕಿದೆ. ಅರ ಹಿಡಿದ ಗೆಳತಿಯರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಮರಾಠಿ ಮನೆಯಿಂದ ಬಂದವರಿದ್ದರೆ ಕಾಕಾ ಇದನ್ನೇ ಮರಾಠಿಯಲ್ಲಿ ಮಾಡಿಸುತ್ತಿದ್ದರು. ಎಂಟನೆಯ ದಿನ ಕಾಗದದ ಮೇಲೆ ಬರೆದಾಗ, ನಾನು ನಡೆದದ್ದನ್ನೇ ಬರೆಯುತ್ತಿದ್ದೇನೆ ಅನ್ನಿಸಿತು, ಅಷ್ಟೇ.

ಮಶೀನಿನ ಕೆಂಪು ದೀಪ ಹತ್ತಿತೆಂದರೆ ನಾನು ಕೈ ಹಿಂದಕ್ಕೆ ತೆಗೆದುಬಿಡುತ್ತಿದ್ದೆ. ಕಾಕಾ ಮಾತ್ರ ತಣ್ಣಗೆ, "ಅದು ಬೈಯಾಕತ್ತಿಲ್ಲ ತಂಗೀ. ತಿಳೀಲಿಲ್ಲ ಅನ್ನಾಕತ್ತೈತಿ. ಮತ್ತೊಮ್ಮೆ ಹೇಳು" ಎನ್ನುತ್ತಿದ್ದರು. ಎಂಥ ತಪ್ಪಾದರೂ ಅವರ ಕೈ ಕೀಲಿಗಳ ಕಡೆ ಬರುತ್ತಿರಲಿಲ್ಲ. ಜೈನರ ಮನೆಯವರು, ಹೊತ್ತು ಮುಳುಗುವುದರೊಳಗೆ ಉಣ್ಣಬೇಕು. ಐದೂವರೆಗೆ ಡಬ್ಬಿ ಬಿಚ್ಚಿದರೆಂದರೆ ಸ್ವತಃ ಮಾಲೀಕರು ಬಂದು ಕರೆದರೂ ಏಳುತ್ತಿರಲಿಲ್ಲ. ಆದರೆ ಕಲಿಯುವವರು ಒಂದು ಸಾಲಿನಲ್ಲಿ ಸಿಕ್ಕಿಕೊಂಡಿದ್ದರೆ ಡಬ್ಬಿ ಹಾಗೇ ಇರುತ್ತಿತ್ತು, ಎಷ್ಟೋ ಸಂಜೆ ಉಪವಾಸ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ, ಮೊದಲಿನಿಂದಲೂ. ಗರ್ವವೂ ಅದರ ಬೆನ್ನಿಗೇ ಬರುತ್ತದೆ. ಸಾಲಾಗಿ ಆರು ಪ್ರೋಗ್ರಾಂ ಸರಿಯಾಗಿ ಓಡಿದ್ದೇ ತಡ, ಏಳನೆಯದರ ಹೊತ್ತಿಗೆ ನಾನು ದೊಡ್ಡವಳಾಗಿಬಿಟ್ಟೆ. ಹೊಸ ಪ್ರೋಗ್ರಾಂ ಬರೆದರೆ ಮೊದಲು ಕಬ್ಬಿಣ ಕಟ್ಟದೆ, ಟೂಲನ್ನು ಬರಿಗಾಳಿಯಲ್ಲಿ ಓಡಿಸಿ ನೋಡಬೇಕು ಅನ್ನುವುದು ಕಾಕಾನ ಕಟ್ಟಳೆ. ಅವರು ಚಹಾಕ್ಕೆ ಹೋಗಿದ್ದಾಗ ನೇರವಾಗಿ ಕಬ್ಬಿಣ ಕಟ್ಟಿ ಬಟನ್ ಒತ್ತಿದೆ. ಟೂಲು ಬಂದ ಬಿರುಸಿಗೆ ಕಬ್ಬಿಣಕ್ಕೆ ಬಡಿದು ಮುರಿಯಿತು. ಸದ್ದಿಗೆ ಇಡೀ ವರ್ಕ್‌ಶಾಪು ನಿಂತಿತು.

ಮಾಲೀಕರು ಮೇಲಿನಿಂದ ಇಳಿದು ಬಂದರು. ನನ್ನ ಕಡೆ ನೋಡಲೂ ಇಲ್ಲ, ಕಾಕಾಗೇ ಹೇಳಿದರು: "ನಾ ಮದ್ಲ ಹೇಳಿದ್ದೆ. ನಾಳಿಂದ ಈಕಿಗೆ ಅರಾ ಕೊಡ್ರಿ."

ಕಾಕಾ ನನ್ನ ಪರ ವಹಿಸಿ ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳಬಹುದಿತ್ತು. ಹಾಕಿಕೊಳ್ಳಲಿಲ್ಲ. "ತಪ್ಪ ಆಕೀದ ಐತ್ರಿ ಮಾಲಕರ. ಅದಕ್ಕ ಅದನ್ನ ತಿದ್ದಾಕಿನೂ ಆಕಿನ. ಒಂದ ತಾಸ ಕೊಡ್ರಿ" ಎಂದರು.

ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. "ಕಾಕಾ, ನೀವ ನೋಡಿ ಹೇಳಿಬಿಡ್ರಿ. ನನಗ ತಿಳಿಯಾಂಗಿಲ್ಲ" ಎಂದೆ. ಅವರು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಪಕ್ಕದಲ್ಲಿ ನಿಂತರು. "ಓದು. ಜೋರಾಗಿ ಓದು."

ಒಂದೊಂದೇ ಸಾಲು ಓದಿದೆ. ಕೊನೆಯವರೆಗೂ ಓದಿದೆ, ಏನೂ ಕಾಣಲಿಲ್ಲ. ಎರಡನೆಯ ಸಲ ಓದುವಾಗ ಕಣ್ಣೊರೆಸಿಕೊಳ್ಳಲು ಪಕ್ಕಕ್ಕೆ ತಿರುಗಿದೆ. ಕಾಕಾನ ಎಡಗೈ ಬಲ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಬೆರಳ ಗೆಣ್ಣು ಬೆಳ್ಳಗಾಗಿದ್ದವು. ಆ ಕಪ್ಪು ಉಗುರಿನ ಬೆರಳು ಸಣ್ಣಗೆ ಅಲುಗುತ್ತಿತ್ತು. ಅವರಿಗೆ ತಪ್ಪು ಆಗಲೇ ಕಂಡಿದೆ, ಹೇಳದೆ ಉಳಿಯಲು ಒದ್ದಾಡುತ್ತಿದ್ದಾರೆ ಎಂದು ಆಗ ತಿಳಿಯಿತು. ನನಗೆ ನಾಚಿಕೆಯಾಯಿತು. ಮೂರನೆಯ ಸಲ ಮೊದಲಿನಿಂದ ಓದಿದೆ. ಹನ್ನೊಂದನೆಯ ಸಾಲಿನಲ್ಲಿ ನಲವತ್ತರ ನಂತರ ದಶಾಂಶದ ಚುಕ್ಕೆ ಇಟ್ಟಿರಲಿಲ್ಲ. ಚುಕ್ಕೆ ಇದ್ದರೆ ಮಶೀನಿಗೆ ಅದು ನಲವತ್ತು ಮಿಲಿಮೀಟರ್. ಇಲ್ಲದಿದ್ದರೆ ಕೂದಲೆಳೆಗಿಂತ ಕಡಿಮೆ. ಟೂಲು ನಾನು ಹೇಳಿದ ಜಾಗಕ್ಕೇ ಹೋಗಲು ಹೊರಟಿತ್ತು, ಪಾಪ.

ಚುಕ್ಕೆ ಇಟ್ಟೆ. ಹೊಸ ಟೂಲು ಕಟ್ಟಿ, ಬರಿಗಾಳಿಯಲ್ಲಿ ಓಡಿಸಿ, ಆಮೇಲೆ ಕಬ್ಬಿಣ ಕಟ್ಟಿದೆ. ಮಾಲೀಕರು ಬಂದು ಅಳತೆ ನೋಡಿದರು. ತುಂಡನ್ನು ಟ್ರೇಯಲ್ಲಿಟ್ಟು ಹೋದರು. ಮರುದಿನ ಯಾರೂ ನನ್ನ ಕೈಗೆ ಅರ ಕೊಡಲಿಲ್ಲ.

ಆ ಸಂಜೆ ಕೇಳಿಯೇಬಿಟ್ಟೆ: "ಮದ್ಲ ಕಂಡಿತ್ತಲ್ಲ ನಿಮಗ? ಯಾಕ ಹೇಳಲಿಲ್ಲ?"

ಕಾಕಾ ಬಲಗೈಯನ್ನು ಮುಂದೆ ತಂದರು. "ನನ್ನ ಮಗಳು ಕಲೀತೀನಿ ಅಂತ ಬಂದಿದ್ಲು. ಭಾಳ ವರ್ಷ ಆತು. ಆಕಿ ತಪ್ಪ ಒತ್ತಿದಾಗೆಲ್ಲ ಕೈ ಸರಿಸಿ ನಾನ ಒತ್ತತಿದ್ದೆ. ಸಿಟ್ಟಲೆ ಅಲ್ಲ, ಲಗೂನ ಆಗಲಿ ಅಂತ. ಮೂರ ದಿನ ಬಂದ್ಲು. ನಾಕನೇ ದಿನ, ನನಗ ಬರೂದಿಲ್ಲ ಬಿಡ್ರಿ ಅಂದ್ಲು. ಆಕಿಗೆ ಬರತಿತ್ತು. ಈ ಕೈ ಕೆಡಸ್ತು" ಎಂದು ಆ ಬೆರಳನ್ನೇ ನೋಡಿದರು.

ಹೋದ ವರ್ಷ, ದೀಪಾವಳಿ ಹತ್ತಿರವಿದ್ದಾಗ, ಕಾಕಾ ತೀರಿಕೊಂಡರು. ಖಾನಾಪುರದ ಅವರ ಮನೆಗೆ ಹೋದೆ. ಆ ಮಗಳು ಸಿಕ್ಕರು. ನಲವತ್ತು ದಾಟಿದವರು, ಮನೆಯಲ್ಲೇ ಹೊಲಿಗೆ. ಪಡಸಾಲೆಯ ಮೂಲೆಯಲ್ಲಿ ಸುಣ್ಣದ ಗೆರೆ ಎಳೆದು ಕತ್ತರಿಸಿಟ್ಟ ಕುಪ್ಪಸದ ಬಟ್ಟೆಗಳಿದ್ದವು, ಒಂದು ನೂಲಿನಷ್ಟೂ ಆಚೀಚೆ ಇಲ್ಲ.

"ಅಪ್ಪಾರು ನಿಮ್ಮ ಬಗ್ಗೆ ಭಾಳ ಹೇಳತಿದ್ರು. ನನಗ ಆ ವಿದ್ಯಾ ತಲಿಗೆ ಹತ್ತಲಿಲ್ರಿ" ಎಂದರು.

"ಯಾರ ಹೇಳಿದ್ರು ನಿಮಗ ಹತ್ತಲಿಲ್ಲ ಅಂತ?" ಸಾವಿನ ಮನೆ ಎನ್ನುವುದನ್ನೂ ಮರೆತು ರೇಗಿಬಿಟ್ಟೆ. ಆಮೇಲೆ ದನಿ ಇಳಿಸಿ, ಕಾಕಾ ಅಂದು ಹೇಳಿದ್ದನ್ನೆಲ್ಲ ಹೇಳಿದೆ, ಕೈ ಕಟ್ಟಿ ನಿಲ್ಲುತ್ತಿದ್ದದ್ದು ಯಾಕೆ ಎನ್ನುವುದನ್ನೂ.

ಅವರು ಮೂಲೆಯ ಬಟ್ಟೆಗಳ ಕಡೆ ನೋಡಿದರು. "ಮನಿಯಾಗೂ ಹಂಗ ನಿಂದರತಿದ್ರು. ನಾ ಹೊಲಿಯೂ ಮುಂದ ಬಾಜೂಕ ಬಂದು ಹಂಗ ನಿಂದರತಿದ್ರು. ಬೆನ್ನ ನೋವು ಅಂತ ತಿಳಿದಿದ್ದೆ" ಎಂದರು.

ಈಗ ಆ ವರ್ಕ್‌ಶಾಪಿನಲ್ಲಿ ಹೊಸಬರಿಗೆ ಕಲಿಸುವವಳು ನಾನು. ಅರ ಹಿಡಿದಿದ್ದ ಗೆಳತಿಯರಲ್ಲಿ ನಾಲ್ವರು ಇಂದು ಪ್ರೋಗ್ರಾಂ ಬರೆಯುತ್ತಾರೆ, ಅದನ್ನು ಎದೆಯುಬ್ಬಿಸಿಯೇ ಹೇಳುತ್ತೇನೆ. ನನ್ನಲ್ಲಿ ಏನಿದೆಯೋ ಅದೆಲ್ಲ ಕಾಕಾ ಕೊಟ್ಟದ್ದು, ಸಿಟ್ಟೊಂದನ್ನು ಬಿಟ್ಟು.

ಮೊನ್ನೆ ಭಾನುವಾರ ಕಾಕಾನ ಮಗಳು, ಖಾನಾಪುರದ ಆ ಅಕ್ಕ, ಕಲಿಯಲು ಮೂರನೆಯ ಸಲ ಬಂದಿದ್ದರು. ಪ್ರೋಗ್ರಾಂ ಬರೆದು, ಬರಿಗಾಳಿಯಲ್ಲಿ ಓಡಿಸಿದರು. ಟೂಲು ಎಲ್ಲೋ ಹೋಗಿ ನಿಂತಿತು. "ಓದ್ರಿ" ಎಂದೆ. ಅವರು ಜೋರಾಗಿ ಓದುತ್ತಾ ಐದನೆಯ ಸಾಲು ದಾಟಿದರು. ಚುಕ್ಕೆ ಇಲ್ಲದ್ದು ನನಗೆ ಕಂಡಿತು. ನನ್ನ ಬಲಗೈ ಮುಂದೆ ಹೊರಟಿತ್ತು, ಎಡಗೈಯಿಂದ ಹಿಡಿದು ಬೆನ್ನ ಹಿಂದಕ್ಕೆ ಎಳೆದುಕೊಂಡೆ. ಅವರು ಓದುವುದನ್ನು ನಿಲ್ಲಿಸಿ, ತಿರುಗಿ ನನ್ನ ಕೈ ಇದ್ದ ಜಾಗ ನೋಡಿದರು. ಕಣ್ಣು ತುಂಬಿ ಬಂದವು. ಸೆರಗಿನಿಂದ ಒರೆಸಿಕೊಂಡು ಮತ್ತೆ ಪರದೆಯ ಕಡೆ ತಿರುಗಿದರು.

"ಹೇಳಬ್ಯಾಡ್ರಿ," ಎಂದರು. "ನಾನ ಹುಡುಕ್ತೀನಿ."